ಬರೆಯದೆ ಬಿಟ್ಟ ಒಂದು ಸಾಲು

ಹನ್ನೆರಡು ವರ್ಷಗಳ ಹಿಂದಿನ ಮಾತು. ಜಾತ್ರಾ ಮಹೋತ್ಸವದ ಮರುದಿನ ದಾಸೋಹದಲ್ಲಿ ಪ್ರಸಾದ ಮುಗಿಸಿ ಕೈ ತೊಳೆಯಲು ಹೊರಗೆ ಬಂದಾಗ, ಮೂವತ್ತೈದರ ಆಸುಪಾಸಿನ ರೈತರೊಬ್ಬರು ಹತ್ತಿರ ಬಂದು ಶರಣಾರ್ಥಿ ಹೇಳಿದರು. ಹಿಂದಿನ ದಿನದ ಮಹಿಳಾ ಗೋಷ್ಠಿಯಲ್ಲಿ ನಾನು ಮಾತನಾಡಿದ್ದರಿಂದ ಅವರಿಗೆ ನನ್ನ ಹೆಸರು ತಿಳಿದಿತ್ತು. ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಿಡಿಸಿದರು. ವಾರಪತ್ರಿಕೆಯೊಂದರಿಂದ ಕತ್ತರಿಸಿ ಇಟ್ಟುಕೊಂಡಿದ್ದ ಲೇಖನ ಅದು. ಉಪ್ಪು ಮತ್ತು ರಕ್ತದೊತ್ತಡದ ಕುರಿತು ನಾನೇ ಬರೆದದ್ದು.

“ಇದನ್ನ ಬರದಾವ್ರು ನೀವ ಏನ್ರಿ ಅಕ್ಕಾರ?”

ಹೌದೆಂದೆ. ಮೆಚ್ಚುಗೆಯ ಮಾತು ಬರುತ್ತದೆಂದು ನಿರೀಕ್ಷಿಸಿದೆನೆಂಬುದನ್ನು ಮುಚ್ಚಿಡಲಾರೆ.

“ನಮ್ಮ ಅಪ್ಪ ಇದನ್ನ ಓದಿ ಉಪ್ಪು ಬಿಟ್ರಿ. ಉಪ್ಪು ಬಿಟ್ಟ ಮ್ಯಾಲೆ ಗುಳಿಗಿ ಯಾಕ ಬೇಕು ಅಂತ ಗುಳಿಗಿನೂ ಬಿಟ್ರಿ. ಎರಡು ತಿಂಗಳಿಗೆ ಲಕ್ವಾ ಹೊಡೀತ್ರಿ. ಬೈಯಾಕ ಬಂದಿಲ್ರಿ ನಾನು. ಇನ್ನೊಮ್ಮೆ ಬರಿಯೂ ಮುಂದ ಗುಳಿಗಿ ಬಿಡಬ್ಯಾಡ್ರಿ ಅಂತ ಒಂದು ಸಾಲು ಹಾಕ್ರಿ ಅಂತ ಹೇಳಾಕ ಬಂದೇನಿ.”

ಆ ಕ್ಷಣ ನನ್ನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಪಶ್ಚಾತ್ತಾಪವಲ್ಲ, ಸಮರ್ಥನೆ. ಗುಳಿಗೆ ಬಿಡಿರೆಂದು ನಾನು ಎಲ್ಲಿಯೂ ಬರೆದಿರಲಿಲ್ಲವಲ್ಲ! ಲೇಖನದಲ್ಲಿ ಹೇಳಿದ ಪ್ರತಿಯೊಂದು ಸಂಗತಿಯೂ ಸರಿಯಾಗಿತ್ತು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಅದನ್ನು ಮತ್ತೊಮ್ಮೆ, ಅರವತ್ತೆಂಟು ವರ್ಷದ ಒಬ್ಬ ರೈತನ ಕಣ್ಣಿನಿಂದ ಓದಲು ಪ್ರಯತ್ನಿಸಿದೆ. ಉಪ್ಪು ಹೆಚ್ಚಾದರೆ ಒತ್ತಡ ಏರುತ್ತದೆ. ಉಪ್ಪು ಕಡಿಮೆಯಾದರೆ ಒತ್ತಡ ಇಳಿಯುತ್ತದೆ. ಆದ್ದರಿಂದ ಉಪ್ಪು ಬಿಟ್ಟವನಿಗೆ ಒತ್ತಡವಿಲ್ಲ, ಒತ್ತಡವಿಲ್ಲದವನಿಗೆ ಗುಳಿಗೆ ಬೇಕಿಲ್ಲ. ಆ ಹಿರಿಯರ ತರ್ಕದಲ್ಲಿ ತಪ್ಪಿರಲಿಲ್ಲ. ನಡುವೆ ಅವರನ್ನು ತಡೆದು ನಿಲ್ಲಿಸಬೇಕಾಗಿದ್ದ ಸಾಲು ನನ್ನ ಲೇಖನದಲ್ಲಿ ಇರಲಿಲ್ಲ.

ದಿನನಿತ್ಯದ ಆರೋಗ್ಯದ ಬಗ್ಗೆ ಬರೆಯುವುದು ನನ್ನ ಕಾಯಕ. ಯಾವ ಪತ್ರಿಕೆಯ ನೌಕರಳೂ ಅಲ್ಲ. ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ವಿಶೇಷಾಂಕಗಳು ಕೇಳಿದಾಗ ಬರೆದುಕೊಡುವುದು, ಬಂದ ಗೌರವಧನದಲ್ಲಿ ಸಂಸಾರಕ್ಕೆ ಒಂದಿಷ್ಟು ನೆರವಾಗುವುದು. ಮಳೆಗಾಲ ಬರುವ ಮುನ್ನ ವಾಂತಿ-ಭೇದಿ, ಡೆಂಗಿ. ಚಳಿಗಾಲದಲ್ಲಿ ಕೆಮ್ಮು, ಕೀಲುನೋವು. ಬೇಸಿಗೆಯಲ್ಲಿ ಬಿಸಿಲಿನ ಹೊಡೆತ. ನಡುನಡುವೆ ಸಕ್ಕರೆ ಕಾಯಿಲೆ, ರಕ್ತಹೀನತೆ, ನಿದ್ರೆ, ಮಲಬದ್ಧತೆ. ವಿಷಯಗಳು ಪ್ರತಿ ವರ್ಷವೂ ಅವೇ. ಓದುಗರು ಮಾತ್ರ ಹೊಸಬರು. ನಿನ್ನೆ ರೋಗ ಪತ್ತೆಯಾದವರಿಗೆ ಹಳೆಯ ವಿಷಯವೂ ಹೊಸದೇ.

ಕನ್ನಡದಲ್ಲಿ ಈ ಬರವಣಿಗೆಗೆ ದೊಡ್ಡ ಪರಂಪರೆಯೇ ಇದೆ. ‘ಕೊರವಂಜಿ’ಯನ್ನು 1942ರಲ್ಲಿ ಆರಂಭಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು, ವೃತ್ತಿಯಲ್ಲಿ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’, ‘ಕೇಳು ಕಿಶೋರಿ’ ಪುಸ್ತಕಗಳನ್ನು ನಮ್ಮ ತಾಯಂದಿರ ಪೀಳಿಗೆ ಸೀರೆಯ ಮಡಿಕೆಗಳ ನಡುವೆ ಇಟ್ಟುಕೊಂಡು ಓದಿತು. ಬೇರೆ ಯಾರ ಬಳಿಯೂ ಕೇಳಲಾಗದ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿತ್ತು. ಇವರೆಲ್ಲ ರೋಗಿಯ ನಾಡಿ ಹಿಡಿದ ಕೈಯಿಂದಲೇ ಲೇಖನಿ ಹಿಡಿದವರು. ನಾನು ವೈದ್ಯಳಲ್ಲ. ಹಾಗಾದರೆ ನನಗೆ ಬರೆಯುವ ಅಧಿಕಾರ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಓದುಗರು ಕೇಳುವುದು ಅಪರೂಪ. ನಾನು ಮಾತ್ರ ಕೇಳಿಕೊಳ್ಳುತ್ತಿರಬೇಕಾಗುತ್ತದೆ. ವೈದ್ಯರ ಕೊಠಡಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವ ಮಾತನ್ನು ಮನೆಯ ಪಡಸಾಲೆಯಲ್ಲಿ ಅರ್ಧ ಗಂಟೆ ಕುಳಿತು ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ. ಮಾತು ವೈದ್ಯರದು, ಬಿಡಿಸುವಿಕೆ ನನ್ನದು. ಬಿಡಿಸುವಾಗ ಒಂದು ಎಳೆ ಕಡಿದುಹೋದರೆ ಹೊಣೆಯೂ ನನ್ನದೇ.

ಅದರಲ್ಲೂ ಮಠದ ಪತ್ರಿಕೆಯಲ್ಲಿ ಅಚ್ಚಾದ ಮಾತಿಗೆ ಬೇರೆಯೇ ತೂಕವಿದೆ. ಮುಂದಿನ ಪುಟದಲ್ಲಿ ಪೂಜ್ಯರ ಆಶೀರ್ವಚನ, ಹಿಂದಿನ ಪುಟದಲ್ಲಿ ಶರಣರ ಚರಿತ್ರೆ, ನಡುವೆ ನಮ್ಮ ಆರೋಗ್ಯದ ಪುಟ. ಓದುವ ಭಕ್ತರು ಮೂರನ್ನೂ ಒಂದೇ ಶ್ರದ್ಧೆಯಿಂದ ಓದುತ್ತಾರೆ. ಮೆಂತ್ಯದ ಬಗ್ಗೆ ನಾನು ಬರೆದದ್ದೂ ಅವರಿಗೆ ಗುರುವಾಕ್ಯದಂತೆ ಕಾಣಬಹುದು. ಹಾಗಾಗಿ ಇಲ್ಲಿ ಬರೆಯುವವರು ಇತರೆಡೆಗಿಂತ ಎರಡು ಪಟ್ಟು ಎಚ್ಚರವಾಗಿರಬೇಕೆಂಬುದು ನನ್ನ ನಂಬಿಕೆ.

ಅಂದು ಬಿಟ್ಟುಹೋದ ಸಾಲನ್ನು ಸೇರಿಸಿ, ಆ ಲೇಖನವನ್ನು ಇಂದು ಬರೆದಿದ್ದರೆ ಹೇಗೆ ಬರೆಯುತ್ತಿದ್ದೆನೆಂಬುದನ್ನು ಇಲ್ಲಿ ತೋರಿಸುವುದು ಉಚಿತವೆನಿಸುತ್ತದೆ.

ಮೊದಲನೆಯದಾಗಿ, ರಕ್ತದೊತ್ತಡವೆಂಬುದು ಅನುಭವಕ್ಕೆ ಬರುವ ಕಾಯಿಲೆಯಲ್ಲ. ತಲೆ ಸುತ್ತಿದರೆ ಬಿಪಿ ಇದೆ, ಸುತ್ತದಿದ್ದರೆ ಇಲ್ಲ ಎಂಬುದು ನಮ್ಮ ಹಳ್ಳಿಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಒತ್ತಡ 170ಕ್ಕೆ ಏರಿದ್ದರೂ ಮನುಷ್ಯ ಹೊಲದಲ್ಲಿ ಕುಂಟೆ ಹೊಡೆದುಕೊಂಡು, ಹಾಡಿಕೊಂಡು ಇರಬಲ್ಲ. ಒಳಗೆ ಮಾತ್ರ ಮಿದುಳು, ಹೃದಯ, ಮೂತ್ರಪಿಂಡ ಮತ್ತು ಕಣ್ಣಿನ ರಕ್ತನಾಳಗಳು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತವೆ. ಆದ್ದರಿಂದ ಅಳೆಯದೆ ತಿಳಿಯುವುದಿಲ್ಲ. ಮೇಲಿನ ಅಂಕ 120ಕ್ಕಿಂತ, ಕೆಳಗಿನ ಅಂಕ 80ಕ್ಕಿಂತ ಕಡಿಮೆ ಇದ್ದರೆ ಸಹಜ. ಬೇರೆ ಬೇರೆ ದಿನ ಅಳೆದಾಗಲೂ 140 ಅಥವಾ 90ನ್ನು ಮುಟ್ಟಿದರೆ, ದಾಟಿದರೆ ಅದು ಅಧಿಕ ರಕ್ತದೊತ್ತಡ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಬಸ್ಸಿಳಿದು ಓಡಿ ಬಂದು, ಸರತಿಯಲ್ಲಿ ನಿಂತು, ಕೂಡಲೇ ತೋಳು ಚಾಚಿದರೆ ಬರುವ ಅಂಕ ನಂಬಲರ್ಹವಲ್ಲ. ಚಹಾ, ತಂಬಾಕು ಮುಗಿದು ಅರ್ಧ ಗಂಟೆಯಾಗಿರಬೇಕು. ಮೂತ್ರ ವಿಸರ್ಜನೆ ಮುಗಿಸಿರಬೇಕು. ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೆ ಊರಿ, ಮಾತನಾಡದೆ ಐದು ನಿಮಿಷ ಕುಳಿತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಇಷ್ಟಲಿಂಗ ಪೂಜೆಗೆ ಕುಳಿತು ಅಭ್ಯಾಸವಿರುವ ನಮ್ಮ ಹಿರಿಯರಿಗೆ ಐದು ನಿಮಿಷದ ಮೌನ ಕಷ್ಟವೇನಲ್ಲ. ಆರೋಗ್ಯ ಶಿಬಿರಗಳ ಗದ್ದಲದಲ್ಲಿ ಮಾತ್ರ ಅದಕ್ಕೆ ಅವಕಾಶವಿರುವುದಿಲ್ಲ.

ಇನ್ನು ಉಪ್ಪಿನ ಮಾತು. ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂದಿನ ಲೇಖನದಲ್ಲಿ ನಾನು ಇಷ್ಟನ್ನೇ ಬರೆದು ಕೈತೊಳೆದುಕೊಂಡಿದ್ದೆ. ಆದರೆ ಅಡುಗೆಮನೆಯಲ್ಲಿ ಗ್ರಾಂ ತೂಗುವವರು ಯಾರು? 5 ಗ್ರಾಂ ಎಂದರೆ ಹೆಚ್ಚೂಕಡಿಮೆ ಒಂದು ಚಹಾ ಚಮಚ, ತಲೆ ಸವರಿದ ಚಮಚ. ಇದಕ್ಕಿಂತಲೂ ಸುಲಭವಾದ ಲೆಕ್ಕವೊಂದಿದೆ. ನಾಲ್ಕು ಜನ ವಯಸ್ಕರಿರುವ ಮನೆಯಲ್ಲಿ ದಿನಕ್ಕೆ 20 ಗ್ರಾಂ ಎಂದರೆ, ಒಂದು ಕಿಲೋ ಉಪ್ಪಿನ ಪೊಟ್ಟಣ 50 ದಿನ ಬರಬೇಕು. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಇಪ್ಪತ್ತೈದನೆಯ ದಿನಕ್ಕೇ ಡಬ್ಬಿ ಬರಿದಾದರೆ ಮನೆಯವರು ಎಷ್ಟು ಉಪ್ಪು ತಿನ್ನುತ್ತಿದ್ದಾರೆಂಬುದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ಅಂಗಡಿಯಿಂದ ತಂದ ಉಪ್ಪಿನಕಾಯಿ, ಚಿವಡಾ, ಬಿಸ್ಕತ್ತುಗಳ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲವೆಂಬುದು ನೆನಪಿರಲಿ.

ನಮ್ಮ ಭಾಗದ ಊಟದಲ್ಲಿ ಉಪ್ಪು ಇರುವುದು ರೊಟ್ಟಿಯಲ್ಲಲ್ಲ. ಜೋಳದ ರೊಟ್ಟಿಗೆ ಬಹಳಷ್ಟು ಮನೆಗಳಲ್ಲಿ ಉಪ್ಪು ಹಾಕುವುದೇ ಇಲ್ಲ, ಹಾಕಿದರೂ ಚಿಟಿಕೆಯಷ್ಟು. ಅದು ಅಡಗಿರುವುದು ರೊಟ್ಟಿಯ ಪಕ್ಕದಲ್ಲಿ: ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಉಪ್ಪಿನಕಾಯಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ, ಸಂಡಿಗೆ, ಹಪ್ಪಳ. ಇವುಗಳಲ್ಲಿ ಉಪ್ಪು ಬರಿಯ ರುಚಿಗಲ್ಲ, ಕೆಡದಂತೆ ಇಡುವುದಕ್ಕೂ ಬೇಕು. ಆದ್ದರಿಂದ ಪ್ರಮಾಣವೂ ಹೆಚ್ಚು. ಹಪ್ಪಳದ ಖಾರ, ಬಜ್ಜಿಗೆ ಹಾಕುವ ಅಡುಗೆ ಸೋಡಾ ಇವುಗಳಲ್ಲಿಯೂ ಉಪ್ಪಿನಲ್ಲಿರುವ ಸೋಡಿಯಂ ಇರುತ್ತದೆ, ನಾಲಿಗೆಗೆ ಮಾತ್ರ ಉಪ್ಪೆನಿಸುವುದಿಲ್ಲ. ಪಲ್ಯ, ಬೇಳೆಸಾರುಗಳಲ್ಲಿ ಉಪ್ಪನ್ನು ವಾರಕ್ಕಿಷ್ಟೆಂದು ಮೆಲ್ಲಗೆ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಒಮ್ಮೆಗೇ ಇಳಿಸಿದರೆ ಯಜಮಾನರು ತಟ್ಟೆ ತಳ್ಳುತ್ತಾರೆ, ಮನೆಯೊಡತಿ ಮರುದಿನವೇ ಹಳೆಯ ಅಳತೆಗೆ ಮರಳುತ್ತಾಳೆ.

“ನಾವು ಸೈಂಧವ ಲವಣ ಬಳಸುತ್ತೇವೆ, ನಮಗೆ ಚಿಂತೆಯಿಲ್ಲ” ಎನ್ನುವವರು ಬಹಳ ಮಂದಿ. ಸೈಂಧವ ಲವಣದ ಬಹುಪಾಲೂ ಅಡುಗೆ ಉಪ್ಪಿನದೇ ವಸ್ತು, ಸೋಡಿಯಂ ಕ್ಲೋರೈಡ್. ಒತ್ತಡದ ವಿಷಯದಲ್ಲಿ ಅದು ರಿಯಾಯಿತಿ ಕೊಡುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲವಾದ್ದರಿಂದ ಇನ್ನೊಂದು ತೊಂದರೆಗೂ ದಾರಿ. ಗಳಗಂಡ ರೋಗದ ಕಥೆಯನ್ನು ಮರೆಯಬಾರದು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡ ಆರಂಭಿಸಿದ ಅಧ್ಯಯನವು ಉಪ್ಪಿಗೆ ಅಯೋಡಿನ್ ಸೇರಿಸಿದರೆ ಗಳಗಂಡ ಇಳಿಯುವುದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಬಂದಿತು. ಆದ್ದರಿಂದ ಉಪ್ಪು ಕಡಿಮೆ ಮಾಡಿ, ಆದರೆ ಬಳಸುವ ಉಪ್ಪು ಅಯೋಡಿನ್ ಸೇರಿಸಿದ್ದಾಗಿರಲಿ. ಈಗ ಪೇಟೆಯಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪೂ ಸಿಗುತ್ತದೆ. ಅದರಲ್ಲಿ ಸೋಡಿಯಂನ ಒಂದು ಭಾಗವನ್ನು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಹಲವರಿಗೆ ಅದು ಒಳ್ಳೆಯದೇ. ಆದರೆ ಮೂತ್ರಪಿಂಡದ ಕಾಯಿಲೆಯವರಿಗೆ, ಒತ್ತಡಕ್ಕೆ ಕೊಡುವ ಕೆಲವು ಬಗೆಯ ಗುಳಿಗೆ ಸೇವಿಸುವವರಿಗೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಪ್ಪಬಹುದು. ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.

ಹಾಗೆಂದು ಉಪ್ಪನ್ನು ಪೂರ್ತಿ ಬಿಡುವುದೂ ಸಲ್ಲ. ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವ ವೃದ್ಧರು ಒಮ್ಮೆಗೇ ಉಪ್ಪು ಬಿಟ್ಟರೆ ರಕ್ತದಲ್ಲಿ ಸೋಡಿಯಂ ಕುಸಿದು ಮಂಕು ಕವಿಯುವುದು, ತಪ್ಪು ತಪ್ಪು ಮಾತನಾಡುವುದು, ಎಡವಿ ಬೀಳುವುದು ಇವೆಲ್ಲ ಆಗಬಲ್ಲವು. ಮನೆಯವರು ಅದನ್ನು ಅರಳುಮರಳೆಂದು ತಿಳಿದು ಸುಮ್ಮನಾಗುತ್ತಾರೆ.

ಈಗ ಆ ಸಾಲು. ಉಪ್ಪು ಇಳಿಸುವುದರಿಂದ ಒತ್ತಡವಿರುವವರಲ್ಲಿ ಮೇಲಿನ ಅಂಕ ಸರಾಸರಿ ಐದರಷ್ಟು ಇಳಿಯಬಹುದು. ಇಡೀ ಊರಿನ ಲೆಕ್ಕದಲ್ಲಿ ಅದು ಬಲು ದೊಡ್ಡ ಲಾಭ. ಆದರೆ ಗುಳಿಗೆಯಿಲ್ಲದೆ 170 ಇರುವ ಒಬ್ಬ ವ್ಯಕ್ತಿಯ ಲೆಕ್ಕದಲ್ಲಿ ನೋಡಿದರೆ 165ಕ್ಕೆ ಬಂದು ನಿಲ್ಲುತ್ತದೆ, ಅಷ್ಟೇ. ಉಳಿದದ್ದನ್ನು ಗುಳಿಗೆಯೇ ಇಳಿಸಬೇಕು. ಉಪ್ಪು ಕಡಿಮೆ ಮಾಡುವುದು ಗುಳಿಗೆಯ ಜೊತೆಗೆ, ಗುಳಿಗೆಯ ಬದಲಿಗಲ್ಲ. ವೈದ್ಯರು ಹೇಳದೆ ಗುಳಿಗೆಯನ್ನು ಒಂದು ದಿನವೂ ನಿಲ್ಲಿಸಬೇಡಿ.

“ಗುಳಿಗಿ ಒಮ್ಮೆ ಹಿಡಿದರ ಸಾಯೂತನಕ ಬಿಡಂಗಿಲ್ಲ” ಎಂಬ ಭಯ ಅನೇಕರಲ್ಲಿದೆ. ಅದು ಚಟವಲ್ಲ. ಕನ್ನಡಕ ಹಾಕಿಕೊಂಡಾಗ ಅಕ್ಷರ ಕಾಣುತ್ತದೆ, ತೆಗೆದರೆ ಕಾಣುವುದಿಲ್ಲ. ಹಾಗೆಂದು ಕನ್ನಡಕದ ಚಟ ಹತ್ತಿತೆಂದು ಯಾರೂ ಹೇಳುವುದಿಲ್ಲವಷ್ಟೆ? ಗುಳಿಗೆ ನುಂಗಿದಾಗ 130 ಬಂತೆಂದರೆ ರೋಗ ವಾಸಿಯಾಯಿತೆಂದಲ್ಲ, ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ. ನಿಲ್ಲಿಸಿದರೆ ಕೆಲವೇ ದಿನ ಅಥವಾ ವಾರಗಳಲ್ಲಿ ಒತ್ತಡ ಹಳೆಯ ಜಾಗಕ್ಕೆ ಮರಳುತ್ತದೆ. ಮರಳಿದ್ದು ಮಾತ್ರ ತಿಳಿಯುವುದಿಲ್ಲ.

ಇದೇ ಕಾರಣಕ್ಕೆ ಶ್ರಾವಣ ಮಾಸದ ಸೋಮವಾರಗಳಂದು, ಶಿವರಾತ್ರಿಯಂದು ಉಪವಾಸವಿರುವ ಭಕ್ತರು ಗುಳಿಗೆಯನ್ನೂ ಬಿಟ್ಟುಬಿಡುವ ರೂಢಿಯನ್ನು ಇಲ್ಲಿ ಹೇಳಲೇಬೇಕು. ರಕ್ತದೊತ್ತಡದ ಹೆಚ್ಚಿನ ಗುಳಿಗೆಗಳನ್ನು ಬರಿಯ ನೀರಿನೊಂದಿಗೆ ಸೇವಿಸಬಹುದು. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್‌ಗಳ ವಿಷಯ ಬೇರೆ. ಊಟವಿಲ್ಲದೆ ಅವನ್ನು ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಉಪವಾಸದ ದಿನ ಯಾವುದನ್ನು ಸೇವಿಸಬೇಕು, ಯಾವುದನ್ನು ಹೇಗೆ ಬದಲಿಸಬೇಕೆಂಬುದನ್ನು ಶ್ರಾವಣ ಬರುವ ಮೊದಲೇ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳುವುದು ಒಳಿತು. ಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ಹಿರಿಯರು ಪೂಜೆಯಾದ ಕೂಡಲೇ ಗುಳಿಗೆ ಸೇವಿಸಲಿ. ದಿನವೂ ಅದೇ ಹೊತ್ತಾದರೆ ಸಾಕು.

ಬೇರು-ನಾರಿನ ಔಷಧಗಳ ಬಗ್ಗೆ ಬರೆಯದಿದ್ದರೆ ಓದುಗರು ಒಪ್ಪುವುದಿಲ್ಲ. ನಾನೂ ಅವನ್ನು ತಳ್ಳಿಹಾಕುವವಳಲ್ಲ. ಸರ್ಪಗಂಧದ ಬೇರನ್ನೇ ನೋಡಿ. ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲರು ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಕಂಡ ಫಲಿತಾಂಶವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಜಗತ್ತು ಕಣ್ಣು ತೆರೆದು ನೋಡಿತು. 1952ರಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟು ಗುಳಿಗೆಯಾಯಿತು. ನಮ್ಮ ನೆಲದ ಬೇರೊಂದು ಆಧುನಿಕ ವೈದ್ಯದ ಗುಳಿಗೆಯಾದದ್ದು ಹೆಮ್ಮೆಯ ಸಂಗತಿಯೇ. ಆದರೆ ಕಥೆಯ ಉತ್ತರಾರ್ಧವನ್ನೂ ಹೇಳಬೇಕಲ್ಲವೇ? ಪ್ರಮಾಣ ಹೆಚ್ಚಾದಾಗ ಅದೇ ಔಷಧದಿಂದ ಹಲವರಿಗೆ ತೀವ್ರ ಖಿನ್ನತೆ ಉಂಟಾಯಿತು. ಕೆಲಸ ಮಾಡುವ ಔಷಧಕ್ಕೆ ಅಡ್ಡಪರಿಣಾಮವೂ ಇರುತ್ತದೆ, ಅದು ಬೇರಾಗಿರಲಿ, ಗುಳಿಗೆಯಾಗಿರಲಿ. ಸಂತೆಯಲ್ಲಿ ಕೊಂಡ ಬೇರನ್ನು ತೇಯ್ದು ಕುಡಿಯುವವನಿಗೆ ಎಷ್ಟು ಸಾರ ಹೊಟ್ಟೆಗೆ ಹೋಯಿತೆಂದು ತಿಳಿಯುವ ದಾರಿಯಿಲ್ಲ. ಕೆಮ್ಮಿಗೆಂದು ಬಾಯಲ್ಲಿಟ್ಟು ಚಪ್ಪರಿಸುವ ಜೇಷ್ಠಮಧು ಕೂಡ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಒತ್ತಡವನ್ನು ಏರಿಸುತ್ತದೆ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳೂ ಅಷ್ಟೇ.

ಬರೆದ ಮಾತಿನಿಂದ ಆಗುವ ಅಪಾಯಕ್ಕೆ ವಿಷಯದ ಅಜ್ಞಾನವೊಂದೇ ಕಾರಣವಲ್ಲ. ಒಮ್ಮೆ ವಾಂತಿ-ಭೇದಿಯ ಮೇಲೆ ಬರೆದಿದ್ದೆ. ಮನೆಯಲ್ಲೇ ಮಾಡುವ ಜೀವಜಲಕ್ಕೆ ಒಂದು ಲೀಟರ್ ಶುದ್ಧ ನೀರು, ತಲೆ ಸವರಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಚ್ಚಿಗೆ ಹೋಗುವ ಮುನ್ನ ಕರಡು ನೋಡಿದಾಗ ‘ಅರ್ಧ ಚಮಚ ಸಕ್ಕರೆ, ಆರು ಚಮಚ ಉಪ್ಪು’ ಎಂದಿತ್ತು! ಕೈಬರಹದಲ್ಲಿ ‘ಆರು’ ಮತ್ತು ‘ಅರ್ಧ’ ಅಕ್ಕಪಕ್ಕದ ಸಾಲಿನಲ್ಲಿದ್ದು, ಜೋಡಿಸುವವರ ಕಣ್ಣು ತಪ್ಪಿತ್ತು. ಆ ನೀರನ್ನು ಭೇದಿಯಿಂದ ಬಳಲಿದ ಮಗುವಿಗೆ ಕುಡಿಸಿದ್ದರೆ! ಇದೇ ಉಪ್ಪು-ಸಕ್ಕರೆಯ ದ್ರಾವಣದಿಂದ 1971ರಲ್ಲಿ ಪಶ್ಚಿಮ ಬಂಗಾಳದ ಬೊನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸರು ಕಾಲರಾದ ಸಾವನ್ನು ನೂರಕ್ಕೆ ಮೂವತ್ತರ ಸುತ್ತಿನಿಂದ ನಾಲ್ಕಕ್ಕಿಂತ ಕೆಳಕ್ಕೆ ತಂದಿದ್ದರು. ಅಳತೆ ತಿರುಗುಮುರುಗಾದರೆ ಜೀವ ಉಳಿಸುವ ನೀರೇ ಜೀವ ತೆಗೆಯುತ್ತದೆ. ಅಂದಿನಿಂದ ಕರಡು ನೋಡದೆ ಅಳತೆಯಿರುವ ಯಾವ ಲೇಖನವನ್ನೂ ಅಚ್ಚಿಗೆ ಬಿಡುವುದಿಲ್ಲವೆಂದು ಸಂಪಾದಕರಿಗೆ ಹೇಳಿಬಿಟ್ಟಿದ್ದೇನೆ. ಆಸ್ಪತ್ರೆಯಲ್ಲೋ ಔಷಧದ ಅಂಗಡಿಯಲ್ಲೋ ಓಆರ್‌ಎಸ್ ಪೊಟ್ಟಣ ಸಿಗುವ ಕಡೆ ಅದನ್ನೇ ಬಳಸಿರೆಂದೂ ಈಗ ತಪ್ಪದೆ ಸೇರಿಸುತ್ತೇನೆ.

ಇನ್ನೊಂದು ಬಗೆಯ ಆಪತ್ತೂ ಇದೆ. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುತ್ತದೆಂಬ ಪುಡಿಯೊಂದರ ತಯಾರಕರು ಒಮ್ಮೆ ಮನೆಗೇ ಬಂದರು. ಜಾಹೀರಾತೆಂದು ತಿಳಿಯದಂತೆ ಲೇಖನದ ರೂಪದಲ್ಲಿ ಬರೆದುಕೊಡಬೇಕು, ಗುಣವಾದವರ ಹೆಸರು, ಅನುಭವಗಳನ್ನು ನಾನೇ ಕಲ್ಪಿಸಿಕೊಳ್ಳಬಹುದು. ಕೊಡಲು ಬಂದ ಹಣ ವಾರಪತ್ರಿಕೆಯ ಹತ್ತು ಲೇಖನಗಳ ಗೌರವಧನಕ್ಕೆ ಸಮವಾಗಿತ್ತು. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದ ತಿಂಗಳು ಬೇರೆ. ಒಂದು ರಾತ್ರಿ ಯೋಚಿಸಿದೆ, ಸುಳ್ಳೇಕೆ ಹೇಳಲಿ. 1954ರಷ್ಟು ಹಿಂದೆಯೇ ಬಂದ ಕಾನೂನೊಂದು ಇಂಥ ಮಾಂತ್ರಿಕ ಪರಿಹಾರಗಳ ಜಾಹೀರಾತನ್ನು ನಿಷೇಧಿಸಿದೆ. ಅದರ ಪಟ್ಟಿಯಲ್ಲಿರುವ 54 ರೋಗ-ಸ್ಥಿತಿಗಳಲ್ಲಿ ಸಕ್ಕರೆ ಕಾಯಿಲೆಯೂ ಇದೆ, ರಕ್ತದೊತ್ತಡವೂ ಇದೆ. ಆದರೆ ಅಂದು ನನ್ನನ್ನು ತಡೆದದ್ದು ಕಾನೂನಲ್ಲ, ನಾಲ್ಕು ಮಡಿಕೆಯ ಆ ಕಾಗದ. ಸತ್ಯವನ್ನೇ ಬರೆದೂ ಒಬ್ಬರ ಬಲಗೈ ಹೋಗಿತ್ತು. ಕಲ್ಪಿಸಿ ಬರೆದರೆ ಏನೇನು ಹೋದೀತು?

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರದು ವೈದ್ಯ ಕಾಯಕ. ಅವರ ವಚನಗಳಲ್ಲಿ ರೋಗ, ಮದ್ದು, ಪಥ್ಯಗಳ ಪರಿಭಾಷೆಯೇ ಅನುಭಾವದ ಭಾಷೆಯಾಗಿದೆ. ಕಾಯಕವೆಂದ ಮೇಲೆ ಅದರ ಫಲ ಯಾರಿಗೆ ತಲುಪುತ್ತದೆಂಬ ಪ್ರಶ್ನೆಯೂ ಬಂತು. ಪುಡಿಯವರಿಗೆ ಮರುದಿನ ಇಲ್ಲವೆಂದು ಹೇಳಿ ಕಳುಹಿಸಿದೆ. ಅವರು ಬೇರೆ ಯಾರಿಂದಲೋ ಬರೆಸಿದರು. ಆರು ತಿಂಗಳ ನಂತರ ಬಸ್ ನಿಲ್ದಾಣದಲ್ಲಿ ಆ ಕರಪತ್ರ ನನ್ನ ಕೈಗೇ ಸಿಕ್ಕಿತು. ಬರಹ ಚೆನ್ನಾಗಿಯೇ ಇತ್ತು.

ಆ ಹಿರಿಯರನ್ನು ನೋಡಲು ಅದೇ ವರ್ಷದ ಬೇಸಿಗೆಯಲ್ಲಿ ಅವರ ಊರಿಗೆ ಹೋದೆ. ಪಡಸಾಲೆಯ ಹೊರಸಿನ ಮೇಲೆ ಕುಳಿತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರೂ ಬಲಗೈಯಿಂದ ವಿಭೂತಿ ಧರಿಸಲಾಗುತ್ತಿರಲಿಲ್ಲ, ಸೊಸೆ ಹಚ್ಚುತ್ತಿದ್ದರು. ನಡೆದದ್ದನ್ನು ಮನೆಯವರು ಹೇಳಿದರು. ಬೆಳಗ್ಗೆ ಎದ್ದಾಗ ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು, ಕೈ ಏಳುತ್ತಿರಲಿಲ್ಲ. ವಾಯುವಾಗಿರಬೇಕೆಂದು ಎಣ್ಣೆ ತಿಕ್ಕಿ, ಪಕ್ಕದ ಊರಿನಲ್ಲಿ ಲಕ್ವಾಕ್ಕೆ ಔಷಧ ಕೊಡುವವರ ಬಳಿ ಹೋಗಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ತಲುಪುವಾಗ ಇಳಿಹೊತ್ತಾಗಿತ್ತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ, ಅದೂ ಸ್ಕ್ಯಾನ್ ಮಾಡಿ ನೋಡಿದ ಮೇಲೆ ಕೊಡಬೇಕು. ಸಮಯ ಮೀರಿತ್ತು. ಅಂದರೆ ನನ್ನ ಲೇಖನದಲ್ಲಿ ಬಿಟ್ಟುಹೋದದ್ದು ಒಂದು ಸಾಲಲ್ಲ, ಎರಡು: ಬಾಯಿ ವಾಲಿದರೆ, ತೋಳು ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ಕೂಡಲೇ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

ಹಿರಿಯರು ನನ್ನ ಮೇಲೆ ಸಿಟ್ಟಾಗಿರಲಿಲ್ಲ. ಎಡಗೈಯಿಂದ ಸನ್ನೆ ಮಾಡಿ ಚಹಾ ತರಿಸಿದರು. ಮೆಲ್ಲಗೆ, ಒಂದೊಂದೇ ಅಕ್ಷರ ಕೂಡಿಸಿ, “ತಪ್ಪು… ನಂದೂ… ಐತ್ರಿ ಅಕ್ಕಾರ” ಎಂದರು. ಅವರ ಸೊಸೆ ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಮನೆಗೆ ಬರುವ ಮಠದ ಪತ್ರಿಕೆಯನ್ನು ಸಂಜೆ ದೀಪ ಹಚ್ಚಿದ ಮೇಲೆ ಗಟ್ಟಿಯಾಗಿ ಓದಿ ಹೇಳುವವರು ಅವರೇ. ಹೊರಡುವಾಗ ನಾನು ಅವರಲ್ಲಿ ಒಂದು ಕೇಳಿಕೊಂಡೆ: ಇನ್ನು ಮುಂದೆ ಬರೆದದ್ದನ್ನು ವೈದ್ಯರಿಗೆ ತೋರಿಸಿದ ಮೇಲೆ ನಿಮಗೂ ಕಳುಹಿಸುತ್ತೇನೆ, ಓದಿ, ಅರ್ಥವಾಗದ ಕಡೆ, ಬೇರೆ ಅರ್ಥವಾಗುವ ಕಡೆ ಗೆರೆ ಎಳೆದು ಕಳುಹಿಸಿ.

ಹಿರಿಯರು ಮೂರು ವರ್ಷಗಳ ಹಿಂದೆ ಲಿಂಗೈಕ್ಯರಾದರು. ಸೊಸೆ ಇಂದಿಗೂ ಗೆರೆ ಎಳೆಯುತ್ತಾರೆ. ವೈದ್ಯರು ಒಪ್ಪಿ ಸಹಿ ಹಾಕಿದ ಹಾಳೆಯಲ್ಲಿ ಅವರು ಮೂರು ನಾಲ್ಕು ಕಡೆ ಗೆರೆ ಎಳೆಯದೆ ಬಿಟ್ಟದ್ದಿಲ್ಲ. ಈ ಲೇಖನಕ್ಕೂ ಮುನ್ನ ಕಳುಹಿಸಿದ ಕರಡಿನಲ್ಲಿ “ಉಪ್ಪಿನಕಾಯಿಯನ್ನು ಮಿತವಾಗಿ ಸೇವಿಸಿ” ಎಂದು ಬರೆದಿದ್ದೆ. ‘ಮಿತವಾಗಿ’ ಎಂಬ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದರು: “ಅಂದ್ರ ಎಷ್ಟ್ರಿ ಅಕ್ಕಾರ? ದಿನಾ ಒಂದು ಹೋಳೋ, ವಾರಕ್ಕ ಒಂದೋ?” ವೈದ್ಯರಿಗೆ ಫೋನ್ ಮಾಡಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒತ್ತಡವಿರುವವರಿಗಾದರೆ ವಾರಕ್ಕೊಂದು ಎಂದು ಬರೆಯಿರಿ ಎಂದರು. ಹಾಗೆಯೇ ತಿದ್ದಿ ಕಳುಹಿಸಿದ್ದೇನೆ.